ಬಂದರಿನಲ್ಲಿ ಮುಳುಗುವ ಕ್ರಮ: ಬಳಕೆದಾರರ ಕೈಪಿಡಿ

ಬಂದರ್ ಭಾಷಾ ಕೋರ್ಸನ್ನು ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೂ ಧೈರ್ಯ ಉಳಿದಿದ್ದರೆ ಮುಂದುವರಿಯಿರಿ.

1. ಉತ್ಪನ್ನದ ಪರಿಚಯ

ಸ್ಪ್ಯಾನಿಷ್ ಕಲಿಯಬೇಕೆಂಬವರು ಈಗ ಪುಸ್ತಕ ಕೊಳ್ಳುವುದಿಲ್ಲ, ವಿಮಾನದ ಟಿಕೆಟ್ ಕೊಳ್ಳುತ್ತಾರೆ. ಸ್ಪೇನಿನ ಸಲಮಾಂಕಾ, ಗ್ವಾಟೆಮಾಲಾದ ಆಂಟಿಗುವಾದಂಥ ಊರುಗಳಲ್ಲಿ ಇದೊಂದು ದೊಡ್ಡ ಉದ್ಯಮ. ಇಮ್ಮರ್ಶನ್ ಕೋರ್ಸ್ ಎಂದು ಅದರ ಹೆಸರು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಪೇಟೆ ಸುತ್ತಾಟ, ರಾತ್ರಿ ಅಲ್ಲಿನವರದೇ ಒಂದು ಮನೆಯಲ್ಲಿ ಊಟ, ವಾಸ. ಮನೆಯೊಡತಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರುವುದಿಲ್ಲ; ಬಂದರೂ ಬಾರದವಳಂತೆ ಇರಬೇಕೆಂಬುದು ಒಪ್ಪಂದ. ಉಪ್ಪು ಬೇಕಾದರೆ ಸ್ಪ್ಯಾನಿಷಿನಲ್ಲೇ ಕೇಳಬೇಕು. ಕೇಳಲು ಬಾರದವನು ಸಪ್ಪೆ ತಿನ್ನಬೇಕು. ನಾಲ್ಕು ದಿನ ಸಪ್ಪೆ ತಿಂದವನಿಗೆ ಐದನೆಯ ದಿನ ಭಾಷೆ ತಾನಾಗಿ ಬರುತ್ತದೆಂಬುದು ಈ ಪದ್ಧತಿಯ ನಂಬಿಕೆ.

ಅದಕ್ಕೆ ವೀಸಾ ಬೇಕು, ವಿಮೆ ಬೇಕು, ಯೂರೋ ಲೆಕ್ಕದಲ್ಲಿ ಶುಲ್ಕ ಬೇಕು. ನಮ್ಮ ಕೋರ್ಸಿಗೆ ಬೇಕಾದದ್ದು ಮಂಗಳೂರಿಗೆ ಒಂದು ಬಸ್ಸು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ನದಿಯ ಕಡೆಗೆ ಮುಖ ಮಾಡಿ ನಡೆದರೆ ಬಂದರ್, ಊರಿನ ಹಳೆಯ ಸಗಟು ಪೇಟೆ. ಲಾರಿ, ಕೈಗಾಡಿ, ಸ್ಕೂಟರು, ಗೋಣಿ ಹೊತ್ತ ಆಳು ನಾಲ್ಕೂ ಒಂದೇ ಓಣಿಯಲ್ಲಿ ಎದುರಾಗಿ, ಯಾರೂ ಹಿಂದೆ ಸರಿಯದೆ, ನಾಲ್ಕು ಭಾಷೆಯಲ್ಲಿ ಬೈದಾಡಿಕೊಳ್ಳುವುದು ಕೇಳಿಸಿತೇ? ತರಗತಿ ಶುರುವಾಗಿದೆ. ಹಾಜರಿ ಹಾಕುವವರು ಯಾರೂ ಇಲ್ಲ.

ಸುರಕ್ಷತಾ ಸೂಚನೆ: ಮುಳುಗುವುದು ಭಾಷೆಯಲ್ಲಿ ಮಾತ್ರ. ನೇತ್ರಾವತಿಯೂ ಫಲ್ಗುಣಿಯೂ ಕಡಲಿಗೆ ಸೇರುವ ಅಳಿವೆ ಪಕ್ಕದಲ್ಲೇ ಇದೆ. ಬೋಟುಗಳು ನಿಲ್ಲುವ ಧಕ್ಕೆಯ ಕಟ್ಟೆಯ ಮೇಲೆ ಮೀನಿನ ನೀರು ಸದಾ ಹರಿಯುತ್ತಿರುತ್ತದೆ, ಚಪ್ಪಲಿ ಜಾರುತ್ತದೆ. ಅಲ್ಲಿ ನಿಂತು ವ್ಯಾಕರಣ ಯೋಚಿಸಬೇಡಿ.

2. ಪೆಟ್ಟಿಗೆಯಲ್ಲಿ ಏನೇನಿದೆ

ಸಲಮಾಂಕಾದ ಪೆಟ್ಟಿಗೆ ತೆರೆದರೆ ಒಂದು ಭಾಷೆ ಸಿಗುತ್ತದೆ. ಬಂದರಿನದು ಕಟ್ಟು ಕಟ್ಟಿದ ಸಗಟು ಮಾಲು, ಬಿಡಿಯಾಗಿ ಮಾರುವುದಿಲ್ಲ.

ತುಳು: ಊರೊಟ್ಟಿನದು. ಬೇರೆ ಬೇರೆ ಮನೆಮಾತಿನ ಇಬ್ಬರು ಎದುರಾದರೆ ಮೊದಲು ಹೊರಬರುವುದು ಇದೇ.

ಬ್ಯಾರಿ: ಓಣಿಯ ಅರ್ಧಕ್ಕರ್ಧ ಅಂಗಡಿಗಳ ಒಳಮಾತು. ಮಲಯಾಳಕ್ಕೆ ಹತ್ತಿರ, ಉಚ್ಚಾರದಲ್ಲಿ ತುಳುವಿನ ನೆಂಟ, ನಡುನಡುವೆ ಅರಬ್ಬಿ. ಇದಕ್ಕೊಂದು ಸಾಹಿತ್ಯ ಅಕಾಡೆಮಿ ಆದದ್ದು ತುಳು, ಕೊಂಕಣಿಗಳಿಗಿಂತ ತಡವಾಗಿ. ಆದರೂ 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡದ್ದು 'ಬ್ಯಾರಿ' ಎಂಬ ಚಿತ್ರ.

ಕೊಂಕಣಿ: ಎರಡು ಮಾದರಿಗಳಲ್ಲಿ ಲಭ್ಯ. ರಥಬೀದಿಯ ವೆಂಕಟರಮಣ ದೇವಸ್ಥಾನದ ಸುತ್ತಿನದು ಒಂದು, ರೊಸಾರಿಯೊ ಇಗರ್ಜಿಯ ಸುತ್ತಿನದು ಇನ್ನೊಂದು. ಎರಡೂ ಒಂದೇ ಎಂದು ಎರಡೂ ಕಡೆಯವರು ಒಪ್ಪುತ್ತಾರೆ. ಸರಿಯಾದದ್ದು ಯಾವುದೆಂದು ಮಾತ್ರ ಕೇಳಬೇಡಿ.

ಮಲಯಾಳ: ಕಾಸರಗೋಡಿನ ಗಿರಾಕಿಗಳ ಜೊತೆ ಬರುತ್ತದೆ. ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ತುಂಬಿಸಿಕೊಳ್ಳುವ ಮಂಜಿ ಹಡಗುಗಳಲ್ಲಿ ಇದರದೇ ಇನ್ನೊಂದು ಬಗೆ ಕೇಳುತ್ತದೆ. 1956ರ ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಚೇರಿ ಬೇರೆಯಾಯಿತು, ಕಿರಾಣಿ ಅಂಗಡಿ ಬದಲಾಗಲಿಲ್ಲ.

ಹೆಚ್ಚುವರಿ ಬಿಡಿಭಾಗಗಳು: ಗುಜರಾತಿ, ಕಚ್ಚಿ, ಉರ್ದು, ಮೀನಿನ ಬೋಟುಗಳ ಮೇಲೆ ತೆಲುಗು, ತಮಿಳು, ಒಡಿಯಾ, ಹಿಂದಿ.

ಕನ್ನಡ: ಎಲ್ಲ ಸೆಟ್ಟುಗಳಲ್ಲೂ ಉಚಿತ. ಇಲ್ಲಿ ಬಹುಪಾಲು ಮಂದಿಗೆ ಇದು ಶಾಲೆಯಲ್ಲಿ ಕಲಿತ ಭಾಷೆಯಾದ್ದರಿಂದ ನಿಮ್ಮದಕ್ಕಿಂತ ಶುದ್ಧವಾಗಿರುವ ಸಂಭವವಿದೆ. ಸಿನಿಮಾದಲ್ಲಿ ಮಂಗಳೂರು ಕನ್ನಡ ಕೇಳಿ ನಕ್ಕದ್ದನ್ನು ನೆನೆದು ಇಲ್ಲಿ ನಗಬೇಡಿ.

ಲಿಪಿಯ ಬಗ್ಗೆ ಒಂದು ಮಾತು. ತುಳು, ಬ್ಯಾರಿ, ಕೊಂಕಣಿ ಮೂರನ್ನೂ ಈ ಊರು ಕನ್ನಡ ಅಕ್ಷರದಲ್ಲೇ ಬರೆಯುತ್ತದೆ. 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ಕೈಗೆತ್ತಿಕೊಂಡರೆ ನೀವು ತಡವರಿಸದೆ ಗಟ್ಟಿಯಾಗಿ ಓದುತ್ತೀರಿ. ಸುತ್ತಲಿದ್ದವರಿಗೆ ಎಲ್ಲ ಅರ್ಥವಾಗುತ್ತದೆ, ನಿಮಗೊಬ್ಬರಿಗೆ ಬಿಟ್ಟು.

3. ಅಳವಡಿಕೆಯಲ್ಲಿ ಎದುರಾಗುವ ಮುಖ್ಯ ತೊಂದರೆ

ಸಲಮಾಂಕಾದಲ್ಲಿ ನಿಮ್ಮ ಭಾಷೆ ಯಾರಿಗೂ ಬರುವುದಿಲ್ಲ, ಹಾಗಾಗಿ ಕಲಿಯಲೇಬೇಕು. ಬಂದರಿನಲ್ಲಿ ಎಲ್ಲರಿಗೂ ಬರುತ್ತದೆ. ಮುಳುಗಬೇಕೆಂದು ಬಂದವನನ್ನು ಇಲ್ಲಿ ಯಾರೂ ಮುಳುಗಲು ಬಿಡುವುದಿಲ್ಲ. ಬಾಯಿ ತೆರೆಯುವ ಮೊದಲೇ ಎತ್ತಿ ದಡಕ್ಕೆ ಹಾಕುತ್ತಾರೆ.

ಪರಿಹಾರವೆಂದು ಕೆಲವರು ತುಳುವಿನಲ್ಲಿ ಒಂದು ವಾಕ್ಯವನ್ನು ಉರು ಹೊಡೆದುಕೊಂಡು ಬರುತ್ತಾರೆ: "ಎಂಕ್ ಕನ್ನಡ ಬರ್ಪುಜಿ." ನನಗೆ ಕನ್ನಡ ಬಾರದು ಎಂದರ್ಥ. ಇದನ್ನು ಪ್ರಯೋಗಿಸಿದರೆ ಆಗುವುದು ಹೀಗೆ. ಒಣಮೆಣಸಿನ ಅಂಗಡಿಯವರು ನಿಮ್ಮನ್ನೊಮ್ಮೆ ಕನಿಕರದಿಂದ ನೋಡಿ ಹಿಂದಿಗೆ ತಿರುಗುತ್ತಾರೆ. ಹಿಂದಿ ಇಲ್ಲವೆಂದರೆ ಮಲಯಾಳ. ಅದೂ ಇಲ್ಲವೆಂದರೆ ಇಂಗ್ಲಿಷ್. ಅದಕ್ಕೂ ತಲೆಯಾಡಿಸಿದರೆ ಒಳಗಿನಿಂದ ತಮ್ಮನನ್ನು ಕರೆಯುತ್ತಾರೆ; ಅವನು ಸೌದಿಯ ಜುಬೈಲಿನಲ್ಲಿ ಕೆಲಸ ಮಾಡಿ ಬಂದವನು, ಅರಬ್ಬಿಯಲ್ಲಿ ಕ್ಷೇಮ ವಿಚಾರಿಸುತ್ತಾನೆ. ಇಷ್ಟರೊಳಗೆ ಅರ್ಧ ಕಿಲೋ ಸಾಕೆಂದು ಬಂದ ನೀವು ಎರಡು ಕಿಲೋ ಬ್ಯಾಡಗಿ ಮೆಣಸು ಕಟ್ಟಿಸಿಕೊಂಡಿರುತ್ತೀರಿ.

ಇದು ಉತ್ಪನ್ನದ ದೋಷವಲ್ಲ, ವಿನ್ಯಾಸವೇ ಹಾಗೆ. ಬಂದರಿನಲ್ಲಿ ಮಾರುವವನು ಕೊಳ್ಳುವವನ ಭಾಷೆಯೊಳಗೆ ಮುಳುಗುತ್ತಾನೆ. ಗಿರಾಕಿಯ ಭಾಷೆ ಅವನಿಗೆ ಅಂಗಡಿಯ ಮುಂಬಾಗಿಲು: ತೆರೆದೇ ಇರಬೇಕು, ಎಷ್ಟು ಬಾಗಿಲಿದ್ದರೂ ಒಳ್ಳೆಯದು. ತನ್ನ ಮನೆಮಾತು ಹಿಂಬಾಗಿಲು. ಅಸಲು ಎಷ್ಟು, ಬಿಡುವುದು ಎಷ್ಟು, ಗೋದಾಮಿನಲ್ಲಿ ಉಳಿದಿರುವುದು ಎಷ್ಟು ಎಂಬ ಮಾತೆಲ್ಲ ಅದರೊಳಗೆ. ನೀವು ಕಲಿಯಬೇಕೆಂದಿರುವುದು ಹಿಂಬಾಗಿಲಿನ ಭಾಷೆ. ಅದನ್ನು ಯಾರೂ ಕರೆದು ಕಲಿಸುವುದಿಲ್ಲ.

4. ಸಂಬೋಧನೆಯ ಗುಂಡಿಗಳು

ತಪ್ಪು ಗುಂಡಿ ಒತ್ತಿದರೆ ಯಂತ್ರ ಚಾಲೂ ಆಗುವುದಿಲ್ಲ. ಸ್ಪ್ಯಾನಿಷಿನಲ್ಲಿ 'ತು', 'ಉಸ್ತೇದ್' ಎರಡರ ನಡುವೆ ಆರಿಸಿಕೊಂಡರೆ ಸ್ಪೇನಿನಲ್ಲಿ ಸುಧಾರಿಸಬಹುದು. ಇಲ್ಲಿ ಎದುರಿಗಿರುವವರ ವಯಸ್ಸು, ಮನೆಮಾತು, ತಕ್ಕಡಿಯ ಯಾವ ಬದಿಯಲ್ಲಿ ಕೂತಿದ್ದಾರೆ ಎಂಬುದನ್ನೆಲ್ಲ ನೋಡಿಕೊಳ್ಳಬೇಕು. ತುಳುವಿನಲ್ಲಿ 'ಈ' ಎಂದರೆ ನೀನು, 'ಈರ್' ಎಂದರೆ ನೀವು. 'ಬಲ' ಎಂದರೆ ಬಾ, 'ಬಲೆ' ಎಂದರೆ ಬನ್ನಿ. ಮೀನಿನ ಬುಟ್ಟಿಯ ಮುಂದೆ ಕೂತ ಮೊಗವೀರ ಹೆಂಗಸಿಗೆ ನೀವು 'ಈ' ಎಂದರೆ ಬಂಗುಡೆಯ ಬೆಲೆ ಅಲ್ಲಿಂದಲೇ ಏರುತ್ತದೆ. 'ಅಕ್ಕಾ' ಎಂದು ಶುರುಮಾಡಿ. ಆಕೆ ನಿಮಗಿಂತ ಚಿಕ್ಕವಳಾದರೂ ಅಕ್ಕನೇ.

ರಥಬೀದಿಯ ಕಡೆಯ ಹಿರಿಯ ಕೊಂಕಣಿ ವರ್ತಕರಿಗೆ 'ಮಾಮ್' ಎಂದರೆ ಕೂರಲು ಸ್ಟೂಲು ಬರುತ್ತದೆ. ಬ್ಯಾರಿ ಹಿರಿಯರನ್ನು 'ಕಾಕ' ಎಂದು ಕರೆಯುವುದು ರೂಢಿ. ಪರಿಚಯವಿಲ್ಲದ ಮೊದಲ ದಿನ 'ಸಾಹೇಬ್ರೆ' ಹೆಚ್ಚು ಸುರಕ್ಷಿತ. ಕ್ರಿಶ್ಚಿಯನ್ ಹಿರಿಯರನ್ನು ತುಳುವರು 'ಪೊರ್ಬುಲೆ' ಎನ್ನುವುದುಂಟು, ಆದರೆ ಅದು ಹಳೆಯ ಪರಿಚಯದವರ ಬಾಯಲ್ಲಿ ಚಂದ. ಏನೂ ತೋಚದಿದ್ದಾಗ 'ಮಾರಾಯ್ರೆ' ಒತ್ತಿ. ಸಂತೋಷ, ಸಿಟ್ಟು, ಬೇಸರ, ಚೌಕಾಸಿ ಎಲ್ಲಕ್ಕೂ ಅದೊಂದೇ ನಡೆಯುತ್ತದೆ.

5. ಚಾಲನೆ: ಮೊದಲ ಪಾಠ, ಧಕ್ಕೆ

ಪಾಠದ ಹೊತ್ತು: ಬೆಳಕು ಹರಿಯುವ ಮೊದಲು. ರಜೆ: ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳಿಗೆ ಸರ್ಕಾರ ಮೀನುಗಾರಿಕೆ ನಿಷೇಧಿಸುವ 61 ದಿನ. ಬೇಕಾದ ಸಾಮಗ್ರಿ: ಹಾಳಾದರೂ ಪರವಾಗಿಲ್ಲ ಎನ್ನುವ ಪ್ಯಾಂಟು.

ಬೋಟಿನಿಂದ ಮೀನು ಇಳಿದು ರಾಶಿಯಾಗುತ್ತದೆ. ಬೂತಾಯಿ ಒಂದು ಕಡೆ, ಬಂಗುಡೆ ಒಂದು ಕಡೆ, ಅಂಜಲ್ ಬೇರೆ, ಮಾಂಜಿ ಬೇರೆ, ತೊರಕೆ ನೆಲದ ಮೇಲೆ ಹಾಸಿದಂತೆ. ಏಲಂ ಕೂಗುವವನ ಸುತ್ತ ಮಂದಿ ಮುತ್ತುತ್ತಾರೆ. ಅವನು ಸಂಖ್ಯೆಯಲ್ಲಿ ಮಾತ್ರ ಮಾತಾಡುತ್ತಾನೆ, ಉಸಿರು ತೆಗೆದುಕೊಳ್ಳುವುದಿಲ್ಲ. ತುಳುವಿನ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ: ನೂದು, ಇರ್ನೂದು, ಮುನ್ನೂದು, ಕೊನೆಗೆ ಸಾವಿರ ಬಂದರೆ ಸಾರ. ಪುಸ್ತಕದಲ್ಲಾದರೆ ಒಂದರಿಂದ ಹತ್ತು ಕಲಿತು ಆಮೇಲೆ ನೂರಕ್ಕೆ ಹೋಗುತ್ತೀರಿ. ಇಲ್ಲಿ ನೂರರಿಂದ ಶುರು, ಹತ್ತರೊಳಗಿನದು ಯಾರಿಗೂ ಬೇಡ.

ಮಾಡಬೇಕಾದದ್ದು: ಹಿಂದೆ ನಿಂತು ಕೇಳುವುದು. ಮಾಡಬಾರದ್ದು: ತಲೆ ಆಡಿಸುವುದು, ಕೈ ಎತ್ತುವುದು, ಪರಿಚಿತರು ಕಂಡರೆಂದು ಹುಬ್ಬು ಹಾರಿಸುವುದು. ವಿದೇಶದ ತರಗತಿಯಲ್ಲಿ ಕೈ ಎತ್ತಿದರೆ ಶಿಕ್ಷಕಿ ನಿಮ್ಮ ಸಂದೇಹ ಪರಿಹರಿಸುತ್ತಾಳೆ. ಧಕ್ಕೆಯಲ್ಲಿ ಕೈ ಎತ್ತಿದರೆ ಒಂದು ರಾಶಿ ಬೊಂಡಾಸ್ ನಿಮ್ಮದಾಗುತ್ತದೆ.

ಏಲಂ ಮುಗಿದ ಮೇಲೆ ಬೋಟಿನ ಕಡೆ ನೋಡಿ. ಬಲೆ ಕೊಡವುತ್ತಿರುವವರು, ಮಂಜುಗಡ್ಡೆ ಸುರಿಯುತ್ತಿರುವವರು ಬಹುಪಾಲು ಈ ಊರಿನವರಲ್ಲ. ಆಂಧ್ರದಿಂದ, ತಮಿಳುನಾಡಿನಿಂದ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗರು. ಆಳಸಮುದ್ರಕ್ಕೆ ಹೋದರೆ ಎಷ್ಟೋ ದಿನ ಅದೇ ಹಲಗೆ, ಬೋಟು ನಡೆಸುವ ಅದೇ ತಾಂಡೇಲ, ಅದೇ ಬೈಗುಳ. ಸುತ್ತ ನೀರು, ಅರ್ಥವಾಗಲಿಲ್ಲವೆಂದು ಎದ್ದು ಹೋಗುವ ಹಾಗಿಲ್ಲ. ಹಗ್ಗ ಬಿಡು ಎಂದಾಗ ಎಳೆದರೆ ಬಲೆ ಹರಿಯುತ್ತದೆ, ಕೆಲವೊಮ್ಮೆ ಬೆರಳೂ ಹೋಗುತ್ತದೆ. ನಿಜವಾದ ಇಮ್ಮರ್ಶನ್ ಕೋರ್ಸ್ ಅದು. ಅದರ ಜಾಹೀರಾತನ್ನು ಯಾರೂ ಹಾಕುವುದಿಲ್ಲ, ಶುಲ್ಕದ ಬದಲು ಅಲ್ಲಿ ಸಂಬಳವನ್ನೇ ಕೊಡುತ್ತಾರೆ, ಮಟ್ಟ ಪರೀಕ್ಷೆ ದಿನಾ ನಡೆಯುತ್ತದೆ. ದಡದ ಮೇಲೆ ನಿಂತ ನೀವು ಅವರೆದುರು ಇನ್ನೂ ನರ್ಸರಿ ತರಗತಿಯವರು.

6. ಎರಡನೆಯ ಪಾಠ: ಅಡಿಕೆ ಅಂಗಡಿ

ಸಗಟು ವ್ಯಾಪಾರ ಎಷ್ಟೋ ಪಾಲು ಬೈಕಂಪಾಡಿಯ ಎಪಿಎಂಸಿ ಕಡೆಗೆ ಹೋಗಿದೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆದ ಮೇಲೆ ದೊಡ್ಡ ಹಡಗುಗಳೂ ಅತ್ತ ಹೋದವು. ಆದರೂ ಬಂದರಿನ ಓಣಿಗಳಲ್ಲಿ ಅಡಿಕೆಯ ವಾಸನೆ ಹೋಗಿಲ್ಲ. ಪಾಠಕ್ಕೆ ಅಂಥದೊಂದು ಅಂಗಡಿ ಹುಡುಕಿ, ಮೂಲೆಯ ಗೋಣಿಚೀಲದ ಮೇಲೆ ಕೂರಿ. ಯಾರಾದರೂ ಏನೆಂದು ಕೇಳಿದರೆ 'ಸುಮ್ಮನೆ' ಎನ್ನಿ. ಈ ಉತ್ತರವನ್ನು ಇಲ್ಲಿ ಗೌರವಿಸುತ್ತಾರೆ.

ಗಮನಿಸಿ. ಪುತ್ತೂರು ಕಡೆಯ ತಂದೆ ಮಗ ಜೀಪಿನಲ್ಲಿ ಅಡಿಕೆ ತಂದಿದ್ದಾರೆ. ವರ್ತಕರು ಮುಷ್ಟಿ ಅಡಿಕೆ ಎತ್ತಿ, ಒಂದನ್ನು ಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಪಟೋರ ಎಷ್ಟು, ಉಳ್ಳಿ ಎಷ್ಟು, ಕರಿಗೋಟು ಎಷ್ಟು ಎಂದು ಕಣ್ಣಲ್ಲೇ ಬೇರ್ಪಡಿಸಿ ಮುಗಿಯಿತು. ತಂದೆಯ ಜೊತೆ ತುಳುವಿನಲ್ಲಿ ಮಳೆ, ಕೊಳೆರೋಗ, ಮೊಮ್ಮಗನ ಉಪನಯನ. ಆಮೇಲೆ ಒಂದು ಬೆಲೆ. ತಂದೆ ಮಗನ ಕಡೆ ತಿರುಗಿ ಹವ್ಯಕ ಕನ್ನಡದಲ್ಲಿ ಮೆಲ್ಲಗೆ, "ಬೇಡ, ಹೋಪ" (ಹೋಗೋಣ) ಎನ್ನುತ್ತಾರೆ. ವರ್ತಕರು ಅದೇ ಹೊತ್ತಿಗೆ ಗುಮಾಸ್ತನಿಗೆ ಕೊಂಕಣಿಯಲ್ಲಿ ಒಂದು ಮಾತು ಹೇಳುತ್ತಾರೆ. ಗುಮಾಸ್ತ ಹೊರಗೆ ನಿಂತ ಹಮಾಲಿಗೆ ಬ್ಯಾರಿಯಲ್ಲಿ, ಚೀಲ ಈಗಲೇ ಇಳಿಸಬೇಡ ಎಂಬ ಅರ್ಥದ್ದೇನೋ ಕೂಗುತ್ತಾನೆ.

ಮೂರು ಗುಟ್ಟು, ಮೂರು ಭಾಷೆ. ಆದರೆ ವರ್ತಕರು ನಲವತ್ತು ವರ್ಷದಿಂದ ಹವ್ಯಕರ ಅಡಿಕೆ ಕೊಂಡವರು, ಅವರಿಗೆ 'ಹೋಪ' ಗೊತ್ತಿಲ್ಲದೆ ಇದ್ದೀತೇ? ರೈತರೂ ಅಷ್ಟೇ ವರ್ಷ ಕೊಂಕಣಿ ಕಿವಿಗೆ ಹಾಕಿಕೊಂಡವರು. ಹಮಾಲಿಗೆ ಎಲ್ಲರ ಮಾತೂ ಗೊತ್ತು. ಚೀಲ ಇಳಿಸುವ ಹೊತ್ತು ಅವನಿಗೆ ಇವರೆಲ್ಲರಿಗಿಂತ ಮೊದಲೇ ತಿಳಿದಿರುತ್ತದೆ. ಯಾರೂ ಯಾರ ಗುಟ್ಟನ್ನೂ ಕೇಳಿಸಿಕೊಂಡಂತೆ ತೋರಿಸುವುದಿಲ್ಲ. ತಂದೆ ಏಳುವಂತೆ ಮಾಡುತ್ತಾರೆ, ವರ್ತಕರು ತಡೆಯುವಂತೆ ಮಾಡುತ್ತಾರೆ, ಚಾ ಬರುತ್ತದೆ, ಬೆಲೆ ಸ್ವಲ್ಪ ಏರುತ್ತದೆ, ಚೀಲ ಇಳಿಯುತ್ತದೆ.

ಇದು ಕೋರ್ಸಿನ ಕೇಂದ್ರ ಪಾಠ. ಸಲಮಾಂಕಾದ ಮನೆಯೊಡತಿ ನಿಮ್ಮೊಬ್ಬರ ಸಲುವಾಗಿ ಭಾಷೆ ಬಾರದಂತೆ ಇರುತ್ತಾಳೆ. ಬಂದರಿನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಸಲುವಾಗಿ ಹಾಗೆ ಇರುತ್ತಾರೆ. ಇನ್ನೊಬ್ಬನಿಗೆ ಮನೆಯವರೊಡನೆ ಒಂದು ಮಾತಾಡಲು ಜಾಗ ಬಿಡುವುದು ಇಲ್ಲಿನ ಮರ್ಯಾದೆ. ಎಲ್ಲವನ್ನೂ ಕೇಳಿಸಿಕೊಂಡೆನೆಂದು ಹೇಳಿಬಿಟ್ಟರೆ ವ್ಯಾಪಾರ ಅಲ್ಲಿಗೇ ಮುರಿಯುತ್ತದೆ, ಮುಂದಿನ ವರ್ಷದ ಅಡಿಕೆ ಬೇರೆ ಅಂಗಡಿಗೆ ಹೋಗುತ್ತದೆ.

7. ಮಟ್ಟಗಳು

ಯುರೋಪಿನ ಚೌಕಟ್ಟಿನ ಪ್ರಕಾರ ಭಾಷೆಯ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮಟ್ಟ. ಸ್ಪ್ಯಾನಿಷಿನ ಪ್ರಮಾಣಪತ್ರ ಕೊಡುವ ಸೆರ್ವಾಂತೆಸ್ ಸಂಸ್ಥೆಯೂ ಇದನ್ನೇ ಬಳಸುತ್ತದೆ. 2009ರಿಂದ ದೆಹಲಿಯಲ್ಲಿ ಅದರ ಕೇಂದ್ರವಿದೆ. ಬಂದರಿನಲ್ಲಿ ಅಳತೆಗೋಲು ಬೇರೆ: ನಿಮ್ಮೆದುರು ಬೆಲೆಯ ಗುಟ್ಟು ಕಾಯಲು ಅಂಗಡಿಯವರು ಎಷ್ಟು ಕಷ್ಟಪಡಬೇಕಾಗುತ್ತದೆ ಎಂಬುದೊಂದೇ.

ಎ1: ಕಷ್ಟವೇ ಇಲ್ಲ. ನಿಮ್ಮ ಮುಂದೆಯೇ, ನಿಮ್ಮತ್ತ ಕೈ ತೋರಿಸಿ, "ಇವರಿಗೆ ಎಷ್ಟು ಹೇಳುವುದು?" ಎಂದು ತುಳುವಿನಲ್ಲಿ ಗಟ್ಟಿಯಾಗಿ ಕೇಳುತ್ತಾರೆ.

ಎ2: ಅದೇ ಪ್ರಶ್ನೆ, ಸ್ವಲ್ಪ ಸಣ್ಣ ದನಿಯಲ್ಲಿ.

ಬಿ1: ನೀವು 'ಏತ್?' ಎಂದು ತುಳುವಿನಲ್ಲೇ ಬೆಲೆ ಕೇಳುತ್ತೀರಿ. ಅವರು ತುಳು ಬಿಟ್ಟು ಬ್ಯಾರಿಗೋ ಕೊಂಕಣಿಗೋ ಹೋಗುತ್ತಾರೆ. ಇಲ್ಲಿಗೆ ತಲುಪಿದ ದಿನ ಸಿಹಿ ಹಂಚಬಹುದು.

ಬಿ2: ಅಲ್ಲಿಗೂ ನೀವು ಬೆನ್ನು ಹತ್ತಿದ್ದೀರೆಂಬ ಅನುಮಾನ ಬಂದು ಕ್ಯಾಲ್ಕುಲೇಟರನ್ನು ನಿಮಗೆ ಕಾಣದಂತೆ ತಿರುಗಿಸಿ ಗುಮಾಸ್ತನಿಗೆ ತೋರಿಸುತ್ತಾರೆ.

ಸಿ1: ಮಾತೇ ಇಲ್ಲ. ಜಾನುವಾರು ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನಡಿ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುವುದನ್ನು ನೋಡಿದ್ದೀರಲ್ಲ, ಆ ಜಾತಿಯ ಕಣ್ಸನ್ನೆ.

ಸಿ2: ನಿಮಗೆಲ್ಲ ಅರ್ಥವಾಗಿದೆಯೆಂದು ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ನಿಮಗೂ ಗೊತ್ತು. ಅವರು ಮತ್ತೆ ತುಳುವಿಗೆ ಬಂದು, "ಇವರಿಗೆ ಎಷ್ಟು ಹೇಳುವುದು?" ಎಂದು ಗಟ್ಟಿಯಾಗಿ ಕೇಳುತ್ತಾರೆ. ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತೀರಿ.

8. ಹಿಂದಿನ ಬಳಕೆದಾರರು

ಈ ಉತ್ಪನ್ನ ಶತಮಾನಗಳಿಂದ ಬಳಕೆಯಲ್ಲಿದೆ. ಟ್ಯುನೀಷಿಯಾ ಕಡೆಯ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರಲ್ಲಿ ಏಡನ್ನಿಗೆ ಮರಳಿದ. ನಡುವೆ ಇಲ್ಲೊಂದು ಕಂಚಿನ ಕಾರ್ಖಾನೆ ಇಟ್ಟ, ಇಲ್ಲಿನ ಹೆಣ್ಣನ್ನು ಮದುವೆಯಾದ, ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕೆಂದು ಕಡಲಾಚೆಗೆ ಕಳಿಸಿದ. ಏಡನ್ನಿನ ದೊಡ್ಡ ವರ್ತಕರು ಬೆನ್ ಯಿಜುವಿಗೆ ಬರೆದ ಕಾಗದಗಳಲ್ಲಿ ಬೊಮ್ಮನಿಗೂ ಸಲಾಂ ಇದೆ. ಕೈರೋದ ಹಳೆಯ ಯಹೂದಿ ಮಂದಿರದಲ್ಲಿ ಉಳಿದ ಆ ಕಾಗದಗಳ ಜಾಡು ಹಿಡಿದೇ ಅಮಿತಾವ್ ಘೋಷ್ 'ಇನ್ ಆನ್ ಆಂಟಿಕ್ ಲ್ಯಾಂಡ್' ಬರೆದದ್ದು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಇಲ್ಲಿಗೆ ಬಂದಿಳಿಯುತ್ತಾರೆಂದೂ, ಊರಿನ ಪಕ್ಕದಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದಾರೆಂದೂ, ಊರವರಿಗೂ ಅವರಿಗೂ ಜಗಳವಾದಾಗ ವ್ಯಾಪಾರ ಬೇಕಾದ ರಾಜ ರಾಜಿ ಮಾಡಿಸುತ್ತಾನೆಂದೂ ಬರೆದ. ಜಗಳವಾಡಲು ಒಂದು ಭಾಷೆ, ರಾಜಿಯಾಗಲು ಇನ್ನೊಂದು ಎಂಬ ಏರ್ಪಾಡು ಅಷ್ಟು ಹಳೆಯದಿರಬೇಕು.

ಶಿಸ್ತಿನ ವಿದ್ಯಾರ್ಥಿಗಳು ಬಂದದ್ದು 1834ರಲ್ಲಿ. ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮೂವರು ಇಲ್ಲಿ ಬಿಡಾರ ಹೂಡಿದರು. ಎರಡು ವರ್ಷದಲ್ಲಿ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರ ಕನ್ನಡ 'ಮಂಗಳೂರ ಸಮಾಚಾರ' ಹೊರಬಿತ್ತು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ, ಮ್ಯಾನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ಕೊಟ್ಟರು. ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ ಅಚ್ಚು ಮಾಡಿಸಿದರು. ಕನ್ನಡಕ್ಕೆ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಿಂದಲೇ ಹೊರಬಂತು. ಇವರೆಲ್ಲ ಹೇಳಲು ಬಂದವರು, ಕೊಳ್ಳಲು ಬಂದವರಲ್ಲ. ಹೇಳುವವನಿಗೆ ನಿಘಂಟು ಬೇಕು, ವ್ಯಾಪಾರಿಗೆ ಬರೆಯಲು ಪುರುಸೊತ್ತಿಲ್ಲ. ಹಾಗಾಗಿ ಗ್ರಂಥ ಬೇಕಾದವರು ಮಿಷನ್ನಿದ್ದ ಬಲ್ಮಠದ ಕಡೆ ಹತ್ತಿ, ಭಾಷೆ ಬೇಕಾದವರು ಬಂದರಿನ ಕಡೆ ಇಳಿಯಿರಿ.

ಬಂದರಿನ ಮಕ್ಕಳೂ ಹೊರಗೆ ಹೋಗಿ ಇದೇ ಕೋರ್ಸು ಮಾಡಿದ್ದಾರೆ. ಕೊಲ್ಲಿಯ ಕಿರಾಣಿ ಅಂಗಡಿಗಳಲ್ಲಿ, ಚಾಲಕರ ಸೀಟಿನಲ್ಲಿ, ಅರಬ್ಬರ ಮನೆಗಳ ಅಡುಗೆಕೋಣೆಯಲ್ಲಿ ಅರಬ್ಬಿ ಕಲಿತು ಬಂದವರಿಗೆ ಎ1 ಎಂದರೇನೆಂದು ಯಾರೂ ಹೇಳಿರಲಿಲ್ಲ.

9. ದೋಷ ನಿವಾರಣೆ

ದೋಷ: ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ ಬರುತ್ತಿದೆ. ಕಾರಣ: ನಿಮ್ಮ ತುಳುವಿನಲ್ಲಿ ಘಟ್ಟ ಕಾಣುತ್ತಿದೆ. ಪರಿಹಾರ: ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತಾಡಿ, ಉಚ್ಚಾರ ಯಾವ ಊರಿನದೆಂದು ತಿಳಿಯುವುದಿಲ್ಲ.

ದೋಷ: ಮಾತಾಡಿದರೆ ನಗುತ್ತಾರೆ. ಪರಿಹಾರ: ಬೇಡ. ನಗು ನಿಂತ ದಿನ ರಿಯಾಯಿತಿಯೂ ನಿಲ್ಲುತ್ತದೆ. 'ಪಾಪ, ಕಲಿಯುತ್ತಿದ್ದಾರೆ' ಎಂದು ಒಂದು ಬಂಗುಡೆ ಹೆಚ್ಚು ಹಾಕುವ ಅಕ್ಕ, ನೀವು ಸರಿಯಾಗಿ ಮಾತಾಡಿದ ಕೂಡಲೇ ಊರವರ ಬೆಲೆ ಹೇಳಿ ಊರವರ ಹಾಗೆಯೇ ಬೈಯುತ್ತಾಳೆ.

ದೋಷ: ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆತಿದೆ. ಪರಿಹಾರ: ದೋಷವಲ್ಲ. ಉತ್ಪನ್ನ ಸರಿಯಾಗಿ ಕೆಲಸ ಮಾಡುತ್ತಿದೆ.

ದೋಷ: ಊರಿಗೆ ಮರಳಿದಾಗ ಬಾಯಿಂದ 'ಉಂಟು', 'ಎಂತ', 'ಮಂಡೆ ಬೆಚ್ಚ' ಹೊರಡುತ್ತಿದೆ, ಮನೆಯವರು ಗಾಬರಿಯಾಗಿದ್ದಾರೆ. ಪರಿಹಾರ: ಕೆಲವು ವಾರ ವಿಶ್ರಾಂತಿ. ಕಡಿಮೆಯಾಗದಿದ್ದರೆ ಇಲ್ಲಿಯೇ ಮನೆ ಮಾಡಿ.

ದೋಷ: ಎಲ್ಲರೂ ಹಿಂದಿಯಲ್ಲಿ ಮಾತಾಡಿಸುತ್ತಾರೆ. ಕಾರಣ: ನಿಮ್ಮ ಬೆನ್ನ ಮೇಲಿನ ಬ್ಯಾಗು. ಪರಿಹಾರ: ಕೈಚೀಲ.

10. ಶುಲ್ಕ, ಪ್ರವೇಶ ಮತ್ತು ಗ್ಯಾರಂಟಿ

ಇಷ್ಟೆಲ್ಲ ಪಾಲಿಸಿಯೂ ಫಲ ಕಾಣದವರು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಬೋಟಿನ ಹುಡುಗ ಒಂದು ಋತುವಿನಲ್ಲಿ ಕಲಿಯುವುದನ್ನು ನೀವು ವರ್ಷವಾದರೂ ಕಲಿಯದೇ ಇರುವುದಕ್ಕೆ ಬುದ್ಧಿ ಕಾರಣವಲ್ಲ. ಅವನಿಗೆ ಅದು ಬೇಕು, ನಿಮಗೆ ಬೇಡ. ಭಾಷೆಗಾಗಿ ದುಡ್ಡು ಕೊಡಬಲ್ಲವನಿಗೆ ಎಲ್ಲ ಕಡೆಯೂ ಮುಂಬಾಗಿಲು ತೆರೆದಿರುತ್ತದೆ, ಅವನಿಗೆ ಅದನ್ನು ದಾಟಿ ಹೋಗುವ ತುರ್ತಿಲ್ಲ. ಆದ್ದರಿಂದ ಪ್ರವೇಶಕ್ಕೆ ಮೊದಲು ತುರ್ತನ್ನು ಸೃಷ್ಟಿಸಿಕೊಳ್ಳುವುದು ಕಡ್ಡಾಯ.

ವಿಧಾನ ಸರಳ. ಬಂದರಿನ ಒಂದು ಅಂಗಡಿಯಲ್ಲಿ ಕಡ ಮಾಡಿ. ಸಣ್ಣ ಮೊತ್ತ ಸಾಕು, ಅಕ್ಕಿಯೋ ಬೆಲ್ಲವೋ. ಅಂಗಡಿಯವರು ನಿಮ್ಮ ಹೆಸರನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಇದೇ ದಾಖಲಾತಿ, ಬೇರೆ ಅರ್ಜಿ ಇಲ್ಲ. ಮೊದಲ ತಿಂಗಳು ಕನ್ನಡದಲ್ಲಿ ನಯವಾಗಿ ನೆನಪಿಸುತ್ತಾರೆ. ಎರಡನೆಯ ತಿಂಗಳು ದಾರಿಯಲ್ಲಿ ಸಿಕ್ಕಾಗ ತುಳುವಿನಲ್ಲಿ. ಮೂರನೆಯ ತಿಂಗಳು ನಯವೂ ಕನ್ನಡವೂ ಎರಡೂ ಮುಗಿದು, ಅವರ ಮನೆಯೊಳಗಿನ ಭಾಷೆ ಅದರ ಎಲ್ಲ ಗಾದೆ, ಉಪಮೆ, ಆಣೆಗಳ ಸಮೇತ ನಿಮ್ಮ ಮೇಲೆ ಸುರಿಯುತ್ತದೆ. ಒಂದಕ್ಷರವೂ ಬಿಡದೆ ಅರ್ಥವಾಗುತ್ತದೆ.

ಗ್ಯಾರಂಟಿ: ಕಡ ತೀರುವವರೆಗೆ ಮಾತ್ರ. ತೀರಿಸಿದ ಮರುದಿನ ಅದೇ ಅಂಗಡಿಯವರು ಎದ್ದು ನಿಂತು, ಕುರ್ಚಿ ಒರೆಸಿ, ಶುದ್ಧ ಕನ್ನಡದಲ್ಲಿ "ಬನ್ನಿ, ಕೂತುಕೊಳ್ಳಿ" ಎಂದರೆ ಕಂಪನಿ ಹೊಣೆಯಲ್ಲ.